ನವಸಾಗರದ ಬೆಸುಗೆ

ಪಾಂಡವಪುರದ ಅಕ್ಕಸಾಲಿಗರ ಬೀದಿಯಲ್ಲಿ ಕೃಷ್ಣಮೂರ್ತಿಯ ಮನೆ ಒಂದು ಕಾಲಕ್ಕೆ ಓಲೆಗೆ, ಗೆಜ್ಜೆಗೆ, ತಾಳಿಗೆ ಹೆಸರಾಗಿತ್ತು. ಈಗೀಗ ಅದು ಹೆಸರಾದದ್ದು ಮಾಳಿಗೆಯಿಂದ ಹಿತ್ತಲಿನ ತೆಂಗಿನ ಮರಕ್ಕೆ ಎಳೆದಿದ್ದ ಒಂದು ತಾಮ್ರದ ತಂತಿಗೆ. ಭಾನುವಾರ ಬೆಳಿಗ್ಗೆ ಧಾರಾವಾಹಿ ಒಳ್ಳೆಯ ಘಟ್ಟಕ್ಕೆ ಬಂದಾಗ ಬೀದಿಯ ಅಷ್ಟೂ ಟಿವಿಗಳಲ್ಲಿ ಗೆರೆಗಳು ಎದ್ದು ಕುಣಿಯುತ್ತಿದ್ದವು. ಎದುರು ಮನೆಯ ಯಶೋದಮ್ಮ ಜಗುಲಿಗೆ ಬಂದು, ನಂಜುಂಡ ಕೂತ ಅಂತ ಕಾಣ್ತದೆ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಒಳಗೆ ಹೋಗುತ್ತಿದ್ದಳು.

ನಂಜುಂಡ ಕೃಷ್ಣಮೂರ್ತಿಯ ತಮ್ಮ. ಕುಲಕಸುಬು ಬಿಟ್ಟು ತಂತಿ ಕಛೇರಿ ಸೇರಿ, ಅರ್ಧ ಆಯುಸ್ಸು ಕಟ್ಟಕಡ ಕಟ್ಟಕಡ ಎಂದು ಮೋರ್ಸ್ ಸಂಕೇತದ ಕೀಲಿ ಕುಟ್ಟಿದವನು. ಹೆಂಡತಿ ತೀರಿಕೊಂಡ ಮೇಲೆ ಕೆಲಸ ಬಿಟ್ಟು ಅಣ್ಣನ ಮನೆಯ ಮಾಳಿಗೆ ಕೋಣೆಗೆ ಬಂದ. ಕೆಲಸ ಬಿಟ್ಟರೂ ಕೀಲಿ ಬಿಡಲಿಲ್ಲ. ಪರೀಕ್ಷೆ ಕಟ್ಟಿ ಹವ್ಯಾಸಿ ರೇಡಿಯೋದ ಲೈಸೆನ್ಸು ತೆಗೆದುಕೊಂಡು, ತಾನೇ ಸೆಟ್ಟು ಕಟ್ಟಿ, ತೆಂಗಿನ ಮರಕ್ಕೆ ಆ ತಂತಿ ಎಳೆದು, ಕೊಲಂಬೋದವರು ಜಪಾನಿನವರು ಎನ್ನದೆ ಎಲ್ಲರ ಜೊತೆ ಅದೇ ಕಟ್ಟಕಡ ಭಾಷೆಯಲ್ಲಿ ಹರಟುತ್ತಿದ್ದ. ಅಣ್ಣನ ಮಗಳು ಪ್ರಭಾಮಣಿ ಲಂಗ ಹಾಕುವ ವಯಸ್ಸಿನಲ್ಲೇ ಅವನ ಪಕ್ಕ ಕೂತು ಅದನ್ನು ಕಲಿತಿದ್ದಳು. ಬಿ.ಎಸ್ಸಿ. ಮುಗಿಸುವ ಹೊತ್ತಿಗೆ ಅವಳಿಗೂ ಒಂದು ಲೈಸೆನ್ಸು ಬಂದಿತ್ತು.

ಅಷ್ಟೇ ಆಗಿದ್ದರೆ ಮನೆಯಲ್ಲಿ ಜಗಳವಿರುತ್ತಿರಲಿಲ್ಲ. ಆದರೆ ನಂಜುಂಡನ ಕಿವಿ ಮಂದವಾಗುತ್ತ ಬಂತು. ಜಪಾನಿನವನು ಕುಟ್ಟಿದ್ದು ಅರ್ಧ ಕೇಳಿಸಿದರೆ ಅರ್ಧ ಇಲ್ಲ. ಮೈಸೂರಿನ ರೇಡಿಯೋ ಗೆಳೆಯನೊಬ್ಬ ಮರುಗಿ ತನ್ನ ಹಳೆಯ ಕಂಪ್ಯೂಟರನ್ನು ಕೊಟ್ಟ. ಸ್ಲೇಟಿನಷ್ಟು ಅಗಲದ ಕರಿ ಪೆಟ್ಟಿಗೆ, ಮೇಲೆ ರಬ್ಬರಿನ ಗುಂಡಿಗಳು. ಅದಕ್ಕೆ ಸ್ವಂತ ಪರದೆಯಿಲ್ಲ, ಟಿವಿಗೇ ಜೋಡಿಸಬೇಕು. ಪ್ರೋಗ್ರಾಮನ್ನು ಟೇಪ್ ರೆಕಾರ್ಡರಿನಿಂದ ಕುಡಿಸಬೇಕು. ಪ್ರಭಾಮಣಿ ಅದರ ಮುಂದೆ ಕೂತವಳು ತಿಂಗಳುಗಟ್ಟಲೆ ಏಳಲಿಲ್ಲ. ರೇಡಿಯೋದ ಸದ್ದನ್ನು ಪೆಟ್ಟಿಗೆಯ ಹಿಂದಿನ ತೂತಿಗೆ ಕೊಟ್ಟರೆ ಟಿವಿಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡುವಂತೆ ಪ್ರೋಗ್ರಾಮು ಬರೆದಳು. ಮೊದಲ ಸಲ ಅದು ಮೂಡಿದ ದಿನ ನಂಜುಂಡ ಟಿವಿಯ ಮುಂದೆ ಮಗುವಿನಂತೆ ಅತ್ತ.

ಅತ್ತಿದ್ದು ಸರಿ, ಆದರೆ ಟಿವಿ ಮಾಳಿಗೆಗೆ ಹೋಯಿತಲ್ಲ! ಮನೆಗೆ ಇದ್ದದ್ದು ಒಂದೇ ಟಿವಿ. ಕೃಷ್ಣಮೂರ್ತಿಯ ಹೆಂಡತಿ ಸುಬ್ಬಮ್ಮ ಧಾರಾವಾಹಿಗೆ ಎದುರು ಮನೆಗೆ ಹೋಗಿ ಯಶೋದಮ್ಮನ ಕುಹಕ ಕೇಳಿಕೊಂಡು ಬರಬೇಕಾಯಿತು. ಬಂದವಳು ಸುಮ್ಮನಿರುವ ಹೆಂಗಸಲ್ಲ. ಊಟದ ಹೊತ್ತಿಗೆ ಸಾರಿನ ಸೌಟು ಪಾತ್ರೆಗೆ ಬಡಿಯುವ ಸದ್ದಿನಲ್ಲೇ ಅವಳ ಮನಸ್ಸು ಗೊತ್ತಾಗುತ್ತಿತ್ತು.

"ಉಣ್ಣಕ್ಕೆ ಕರೆದ್ರೆ ಕೇಳಕ್ಕಿಲ್ಲ, ಜಪಾನ್ನೋರು ಕರೆದ್ರೆ ಮಾತ್ರ ಕೇಳ್ತದೆ ನಿಮ್ಮ ತಮ್ಮಂಗೆ," ಎಂದು ಗಂಡನ ತಟ್ಟೆಗೆ ಮುದ್ದೆ ಇಟ್ಟಳು. "ಮಗಳ್ನೂ ಅಂಗೇ ಮಾಡ್ಕೊಂಡವ್ನೆ."

ಕೃಷ್ಣಮೂರ್ತಿಗೆ ಟಿವಿಯ ಚಿಂತೆಯಿರಲಿಲ್ಲ. ಅವನ ನೋವು ಬೇರೆ, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಮಗಳು ಚಿಕ್ಕವಳಿದ್ದಾಗ ಅಗ್ಗಿಷ್ಟಿಕೆಯ ಮುಂದೆ ಕೂತು ಅವನ ಊದುಗೊಳವೆಯನ್ನೇ ನೋಡುತ್ತಿದ್ದಳು. ಈಗ ಅವಳ ದಾರಿ ಬಾಗಿಲಿನಿಂದ ನೇರ ಮಾಳಿಗೆಯ ಮೆಟ್ಟಿಲಿಗೆ. ಮಗಳು ತನ್ನ ಕೈ ಬಿಟ್ಟು ತಮ್ಮನ ಕೈ ಹಿಡಿದಳೆಂದು ಅವನಿಗೆ ಹೊಟ್ಟೆಕಿಚ್ಚು. ಐವತ್ತು ದಾಟಿದ ಗಂಡಸು ಒಡಹುಟ್ಟಿದವನ ಮೇಲೆ ಇಂಥದಕ್ಕೆ ಕರುಬುತ್ತೇನೆಂದು ಹೇಳಿಕೊಳ್ಳುವುದಾದರೂ ಹೇಗೆ? ಅದಕ್ಕೇ ಅವನು ಗಂಡು ಹುಡುಕಿದ.

"ಕೆ.ಆರ್. ಪೇಟೆ ಹೊನ್ನಪ್ಪಂಗೆ ಮಾತು ಕೊಟ್ಟಿವ್ನಿ," ಎಂದ ಒಂದು ದಿನ ಊಟದ ಮಧ್ಯೆ. "ಹುಡುಗ ಅರುಣ, ಒಳ್ಳೇವ್ನು, ಸ್ವಂತ ಅಂಗಡಿ. ಶ್ರಾವಣದಲ್ಲಿ ಮದ್ವೆ."

ಪ್ರಭಾಮಣಿ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದಳು. "ನನ್ನ ಒಂದ್ಮಾತು ಕೇಳ್ಬೌದಾಗಿತ್ತು."

"ನಿಮ್ಮವ್ವನ್ನ ಯಾರು ಕೇಳಿದ್ರು? ಬಾಳಾಟ ನಡೀಲಿಲ್ವಾ?"

ನನ್ನನ್ನು ಇದರೊಳಗೆ ಎಳೆಯಬೇಡಿ ಎಂದು ಸುಬ್ಬಮ್ಮ ಮುಖ ತಿರುಗಿಸಿದಳು. ಅವಳಿಗೂ ಆ ಪ್ರಶ್ನೆಗೆ ಉತ್ತರ ಗೊತ್ತಿದ್ದಂತೆ ಕಾಣಲಿಲ್ಲ.

ಆಗ ಪ್ರಭಾಮಣಿ ಮನೆಯಲ್ಲಿ ಯಾರಿಗೂ ಹೇಳದ ಸಂಗತಿ ಹೇಳಿದಳು. ಕಿರಂಗೂರಿನ ಬೋರಯ್ಯ ಎಂಬುವರು ಶ್ರೀರಂಗಪಟ್ಟಣದ ಒಂದು ಖಾಸಗಿ ಹೈಸ್ಕೂಲಿನ ಕಾರ್ಯದರ್ಶಿ. ಮಕ್ಕಳಿಗೆ ಕಂಪ್ಯೂಟರ್ ಕಲಿಸಬೇಕೆಂದು ಅವರಿಗೆ ಆಸೆ, ಕಮಿಟಿಯವರಿಗೆ ಅನುಮಾನ. ಪ್ರಭಾಮಣಿಯ ಪೆಟ್ಟಿಗೆಯ ಸುದ್ದಿ ಕೇಳಿ, ಆಷಾಢದಲ್ಲಿ ಕಮಿಟಿ ಸೇರಿದಾಗ ತಂದು ತೋರಿಸು, ಒಪ್ಪಿದರೆ ನೀನೇ ಮೇಡಂ ಎಂದು ಹೇಳಿಕಳಿಸಿದ್ದರು.

ಕೃಷ್ಣಮೂರ್ತಿ ನಕ್ಕುಬಿಟ್ಟ. ಟಿವಿಯಲ್ಲಿ ನಾಲ್ಕು ಅಕ್ಷರ ಮೂಡಿಸಿದ್ದಕ್ಕೆ ಯಾರಾದರೂ ಸಂಬಳ ಕೊಡುತ್ತಾರೆಯೇ? ಕೊಡುವುದಿಲ್ಲ ಎಂಬ ಧೈರ್ಯದ ಮೇಲೆಯೇ ಅವನು ದೊಡ್ಡತನ ತೋರಿಸಿದ. "ಆಯ್ತು ಬುಡು. ಆ ಇಸ್ಕೂಲ್ನೋರು ನಿನ್ನ ತಗೊಂಡ್ರೆ ನಾನೇ ಹೋಗಿ ಹೊನ್ನಪ್ಪಂಗೆ ಕೈ ಮುಗ್ದು ಬರ್ತೀನಿ. ತಗೊಳ್ದೆ ಹೋದ್ರೆ ಮದ್ವೆ. ಆಮ್ಯಾಕೆ ತಕರಾರು ತೆಗೀಬಾರ್ದು."

"ತೆಗೆಯಾಕಿಲ್ಲ," ಎಂದಳು ಪ್ರಭಾಮಣಿ. ನಂಜುಂಡ ಅಣ್ಣನ ತುಟಿಯನ್ನೂ ಮಗಳ ತುಟಿಯನ್ನೂ ನೋಡುತ್ತ ಏನು ನಡೆಯಿತೆಂದು ಕೇಳಿದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಮುತ್ತು ಕಟ್ಟಿ ಬದುಕುವವರ ಮನೆಯಲ್ಲಿ ಆ ಗಾದೆಗೆ ತೂಕ ಜಾಸ್ತಿ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಎಂದು ಊರು ಆಡಿಕೊಳ್ಳುವುದನ್ನು ಕೇಳಿ ಕೇಳಿ, ಕೃಷ್ಣಮೂರ್ತಿ ಮಾತಿನಲ್ಲೂ ಬೆಸುಗೆಯಲ್ಲೂ ಒಂದು ಎಳೆ ಆಚೀಚೆ ಆಗದಂತೆ ಬದುಕಿದ್ದ. ಅಪ್ಪ ಮಗಳ ನಡುವೆ ಆದ ಒಪ್ಪಂದವನ್ನು ಮುರಿಯುವ ಯೋಚನೆ ಇಬ್ಬರಿಗೂ ಇರಲಿಲ್ಲ.

ಹೊನ್ನಪ್ಪನ ಮನೆಯವರು ಹೆಣ್ಣು ನೋಡಲು ಬರುವ ಹಿಂದಿನ ದಿನ ಸುಬ್ಬಮ್ಮನೂ ಪ್ರಭಾಮಣಿಯೂ ನಾಗಮಂಗಲಕ್ಕೆ ಹೋಗಿದ್ದರು. ಸುಬ್ಬಮ್ಮನ ತವರು ಅಲ್ಲಿ, ಹಿತ್ತಾಳೆ ಕೆಲಸದವರ ಮನೆ. ಅಜ್ಜಿಯನ್ನು ಕರೆದುಕೊಂಡು ಬರಬೇಕಿತ್ತು. ನಂಜುಂಡ ಕಿವಿ ತೋರಿಸಲು ಮೈಸೂರಿಗೆ ಹೋಗಿದ್ದ. ಬೀಗರಾಗುವವರು ಬಂದಾಗ ನಡುಮನೆಯಲ್ಲಿ ಟಿವಿ ಇಲ್ಲದಿದ್ದರೆ ಮರ್ಯಾದೆಯಲ್ಲ ಎಂದು ಹೆಂಡತಿ ಹೇಳಿಹೋಗಿದ್ದಳು. ಕೃಷ್ಣಮೂರ್ತಿ ಮಾಳಿಗೆಗೆ ಹೋಗಿ ಟಿವಿಯನ್ನು ಎತ್ತಿದ. ಹಿಂದಿನ ವೈರು ಬಿಚ್ಚಬೇಕೆಂದು ಗೊತ್ತಿತ್ತು, ಎಲ್ಲಿ ಬಿಚ್ಚಬೇಕೆಂದು ಗೊತ್ತಿರಲಿಲ್ಲ. ಎಳೆದ. ಕರಿ ಪೆಟ್ಟಿಗೆ ಮೇಜಿನಿಂದ ಜಾರಿ ನೆಲಕ್ಕೆ ಬಿತ್ತು, ಅದರ ಹಿಂದಿನ ಸಾಕೆಟ್ಟು ವೈರಿನ ಜೊತೆ ಅವನ ಕೈಗೆ ಬಂತು.

ಬೇಕೆಂದೇ ಮಾಡಿದನೆಂದು ಮಗಳು ಅಂದರೆ ಇಲ್ಲವೆನ್ನಲು ಯಾವ ಸಾಕ್ಷಿಯಿದೆ? ಮೊಳೆ ತಿರುಗಿಸಿ ಪೆಟ್ಟಿಗೆ ತೆರೆದು ನೋಡಿದ. ಒಳಗೆ ಹಸಿರು ಹಲಗೆ, ಅದರ ಮೇಲೆ ಕೂದಲೆಳೆಯಂಥ ತಾಮ್ರದ ದಾರಿಗಳು, ಸಾಸಿವೆಯಂಥ ತವರದ ಚುಕ್ಕೆಗಳು. ಕಿತ್ತುಹೋದದ್ದು ಕೆಲವು ಚುಕ್ಕೆ ಮಾತ್ರ. ಅದನ್ನು ನೋಡಿದ ಮೇಲೆ ಅವನಿಗೆ ಭಯ ಹೋಗಿ ನಗು ಬಂತು. ಇದು ಬೆಸುಗೆ! ತಾತನ ಕಾಲದಿಂದ ತನ್ನ ಮನೆ ಉಂಡದ್ದು ಇದರ ಅನ್ನವನ್ನೇ ಅಲ್ಲವೇ?

ನಂಜುಂಡ ಬೆಸೆಯುವ ಕರೆಂಟಿನ ಕಾವಿನ ಕಡ್ಡಿ ಅಲ್ಲೇ ಇತ್ತು, ಪಕ್ಕದಲ್ಲಿ ಅವನು ಬಳಸುವ ತೆಳ್ಳನೆಯ ತವರದ ಸುರುಳಿ. ಕೃಷ್ಣಮೂರ್ತಿಗೆ ಆ ಸುರುಳಿಯ ಮೇಲೆ ನಂಬಿಕೆ ಬರಲಿಲ್ಲ. ತವರ ಹಿಡಿಯಬೇಕಾದರೆ ಲೋಹಕ್ಕೆ ನವಸಾಗರದ ಉಪ್ಪು ಮುಟ್ಟಿಸಬೇಕು, ಕಲಾಯಿಯವನಿಗೂ ಗೊತ್ತಿರುವ ಮಾತು ಅದು. ಕೆಳಗೆ ಹೋಗಿ ನವಸಾಗರದ ಪುಡಿ ತಂದು, ನೀರಲ್ಲಿ ಕಲಸಿ, ಬೆಂಕಿಕಡ್ಡಿಯ ತುದಿಯಿಂದ ಒಂದೊಂದು ಚುಕ್ಕೆಗೂ ಇಟ್ಟ. ಕಾವು ತಾಗಿಸಿದ ಕೂಡಲೇ ಬಿಳಿಯ ಹೊಗೆಯೆದ್ದು ತವರ ಕನ್ನಡಿಯಂತೆ ಹರಿದು ಕೂತಿತು. ಒಡವೆಯಾಗಿದ್ದರೆ ಬೆಸುಗೆಯಾದ ಮೇಲೆ ಹುಣಿಸೆ ನೀರಿನಲ್ಲಿ ಕುದಿಸಿ ಅಂಟುವಾಳದಿಂದ ತಿಕ್ಕುತ್ತಿದ್ದ. ಕರೆಂಟಿನ ವಸ್ತುವಿಗೆ ನೀರು ತಾಗಿಸಬಾರದು ಎಂಬಷ್ಟು ತಿಳಿವಳಿಕೆ ಅವನಿಗಿತ್ತು. ಆದ್ದರಿಂದ ಒಣಬಟ್ಟೆಯಲ್ಲಿ ಒರೆಸಿ ಮುಚ್ಚಿದ.

ಮಾರನೆಯ ದಿನ ಹೊನ್ನಪ್ಪನ ಮನೆಯವರು ಬಂದರು, ಉಪ್ಪಿಟ್ಟು ಕೇಸರಿಬಾತು ತಿಂದರು, ವೀಳ್ಯ ಬದಲಾಯಿಸಿದರು. ಹುಡುಗ ಅರುಣ ಮಾತು ಕಡಿಮೆ. ಆದರೆ ತೆಂಗಿನ ಮರದ ತಂತಿ ನೋಡಿ, ಅದೇನೆಂದು ಕೇಳಿದ. ನಂಜುಂಡ ಅವನನ್ನು ಮಾಳಿಗೆಗೆ ಕರೆದೊಯ್ದ, ಪ್ರಭಾಮಣಿಯೂ ಹೋದಳು, ಟಿವಿ ಮತ್ತೆ ಮೆಟ್ಟಿಲು ಹತ್ತಿತು. ಕೃಷ್ಣಮೂರ್ತಿ ಎದೆ ಹಿಡಿದುಕೊಂಡು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತ. ರೇಡಿಯೋ ಕುಟ್ಟಿತು, ಪರದೆಯ ಮೇಲೆ ಅಕ್ಷರ ಮೂಡಿತು. ಅರುಣ ಕಣ್ಣರಳಿಸಿ, ಇದನ್ನು ನೀವೇ ಬರೆದಿರಾ ಎಂದು ಪ್ರಭಾಮಣಿಯನ್ನು ಕೇಳಿದ. ಅವಳು ಹೌದೆಂದಳು. ಕೃಷ್ಣಮೂರ್ತಿಗೆ ತನ್ನ ಬೆಸುಗೆಯೂ ಅದರಲ್ಲಿದೆ ಎಂದು ಕೂಗಿ ಹೇಳುವಷ್ಟು ಹಿಗ್ಗಾಯಿತು. ಹೇಳಲಿಲ್ಲ. ಹೇಳಿದರೆ ಬೀಳಿಸಿದ್ದನ್ನೂ ಹೇಳಬೇಕಾಗುತ್ತಿತ್ತು.

ಆಷಾಢ ಬಂತು. ಗಾಳಿಯ ಜೊತೆ ದಿನವೂ ಜಿನುಗು ಮಳೆ. ಅಟ್ಟದ ಬೆಲ್ಲ ನೀರೊಡೆಯಿತು, ಹಪ್ಪಳ ಮೆತ್ತಗಾಯಿತು. ಮಾಳಿಗೆಯ ಮೇಲೆ ಅಕ್ಷರಗಳು ತಪ್ಪತೊಡಗಿದವು. ಒಂದು ದಿನ ಸರಿ ಬಂದರೆ ಮರುದಿನ ಪರದೆ ನಡುಗಿ ಮಾಯ. ಪ್ರಭಾಮಣಿ ಪ್ರೋಗ್ರಾಮನ್ನು ಮೊದಲಿನಿಂದ ಕೊನೆಯವರೆಗೆ ತಿದ್ದಿದಳು, ಮತ್ತೆ ತಿದ್ದಿದಳು. ಊಟಕ್ಕೆ ಬಂದರೂ ಬೆರಳು ತಟ್ಟೆಯ ಅಂಚಿನ ಮೇಲೆ ಲೆಕ್ಕ ಹಾಕುತ್ತಿತ್ತು. ಏನಾಗಿದೆ ಎಂದು ಕೃಷ್ಣಮೂರ್ತಿ ಕೇಳಿದ್ದಕ್ಕೆ, ಎಲ್ಲೋ ನನ್ನದೇ ತಪ್ಪಿದೆ, ಸಿಕ್ಕುತ್ತಿಲ್ಲ ಎಂದಳು. ಕ್ಷಣಕಾಲ ಅವನ ಮನಸ್ಸು ಆ ಚುಕ್ಕೆಗಳ ಕಡೆ ಹೋಯಿತು. ಆದರೆ ತನ್ನ ಬೆಸುಗೆ ಬಿಟ್ಟಿತೆಂದು ಇದುವರೆಗೆ ಒಂದು ಓಲೆಯೂ ತಿರುಗಿ ಬಂದಿರಲಿಲ್ಲ. ಅವನು ಮಜ್ಜಿಗೆ ಕುಡಿದು ಎದ್ದ.

ಕಮಿಟಿ ಸೇರಿದ ದಿನ ಚಿಕ್ಕಪ್ಪ ಮಗಳು ರೇಡಿಯೋ, ಪೆಟ್ಟಿಗೆ, ಟೇಪ್ ರೆಕಾರ್ಡರು ಎಲ್ಲವನ್ನೂ ಹಳೆಯ ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋದರು. ಸಂಜೆ ಬಂದಾಗ ಇಬ್ಬರೂ ನೆನೆದಿದ್ದರು. ನಂಜುಂಡನೇ ಹೇಳಿದ. ಬೋರಯ್ಯನವರು ಹೊಗಳಿ ಕೂರಿಸಿದರಂತೆ, ಕಮಿಟಿಯವರೆಲ್ಲ ಸ್ಕೂಲಿನ ಟಿವಿಯ ಮುಂದೆ ಕುರ್ಚಿ ಎಳೆದುಕೊಂಡರಂತೆ. ಪರದೆ ಒಮ್ಮೆ ಬೆಳಗಿ ಕಪ್ಪಾದದ್ದು ಮತ್ತೆ ಏಳಲಿಲ್ಲ. ಇಂಥ ಸಾಮಾನಿಗೆ ಮಕ್ಕಳ ಫೀಸು ಸುರಿಯಬೇಕೇ ಎಂದು ಒಬ್ಬರು ನಕ್ಕರಂತೆ. ಬೋರಯ್ಯನವರು ತಲೆ ಎತ್ತಲಿಲ್ಲವಂತೆ.

ಪ್ರಭಾಮಣಿ ಸೀರೆಯ ಗಂಟು ಬಿಚ್ಚಿ, ನಡುಮನೆಯ ದೀಪದ ಕೆಳಗೆ ಪೆಟ್ಟಿಗೆಯನ್ನು ತೆರೆದಳು. ಸಾಕೆಟ್ಟಿನ ಸುತ್ತ ಹಸಿರು ಕಿಲುಬು ಉಕ್ಕಿ ನಿಂತಿತ್ತು. ಅಲ್ಲಿಂದ ಹೊರಟ ಕೂದಲೆಳೆಯ ದಾರಿಗಳನ್ನು ಅದು ತಿಂದು ಒಳಒಳಗೆ ಬಹಳ ದೂರ ಹೋಗಿತ್ತು. ಅಂಚಿನಲ್ಲಿ ಬಿಳಿಯ ಪುಡಿ. ಅವಳು ಬೆರಳಿಗೆ ಹಚ್ಚಿಕೊಂಡು ನೋಡಿದಳು. ಅಕ್ಕಸಾಲಿಯ ಮಗಳಿಗೆ, ನಾಗಮಂಗಲದ ಹಿತ್ತಾಳೆಯವರ ಮೊಮ್ಮಗಳಿಗೆ ಅದೇನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

"ನವಸಾಗರ ಹಾಕಿದ್ದಾ, ಅಪ್ಪ?"

ಇಲ್ಲವೆನ್ನಲು ಕೃಷ್ಣಮೂರ್ತಿಯ ಬಾಯಿ ತೆರೆಯಿತು, ಸುಳ್ಳು ಬರಲಿಲ್ಲ. ವೈರು ಎಳೆದದ್ದು, ಬಿದ್ದದ್ದು, ಬೆಸೆದದ್ದು ಎಲ್ಲವನ್ನೂ ಹೇಳಿದ. ನಂಜುಂಡ ಅಣ್ಣನ ತುಟಿಯನ್ನು ನೋಡಿ ಅರ್ಥಮಾಡಿಕೊಂಡು ಗೋಡೆಗೆ ಒರಗಿದ. ಆ ತೆಳ್ಳನೆಯ ಸುರುಳಿಯೊಳಗೇ ಬೆಸುಗೆಗೆ ಬೇಕಾದ ಅಂಟಿತ್ತು, ನವಸಾಗರ ತೇವ ಎಳೆದು ತಾಮ್ರ ತಿನ್ನುತ್ತದೆ, ಒಂದು ಮಾತು ಕೇಳಬಾರದಿತ್ತೇ ಎಂದಷ್ಟೇ ಅಂದ.

ಸುಬ್ಬಮ್ಮ ಮೊದಲ ಬಾರಿ ಮಗಳ ಪರ ನಿಂತಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಿರಿ ಎಂದು ಗಂಡನ ಮೇಲೆ ಹರಿಹಾಯ್ದಳು. ಪ್ರಭಾಮಣಿ ಮಾತ್ರ ಕೂಗಲಿಲ್ಲ. ಪೆಟ್ಟಿಗೆ ಮುಚ್ಚಿ, ಕೈ ತೊಳೆದು, ತಟ್ಟೆ ಹಾಕಿ ಎಲ್ಲರಿಗೂ ಬಡಿಸಿದಳು. ಬಡಿಸಿದ ಮೇಲೆ ಹೇಳಿದಳು:

"ಮಾತು ಮಾತೇ. ಇಸ್ಕೂಲ್ನೋರು ತಗೊಳ್ಲಿಲ್ಲ. ಶ್ರಾವಣದಲ್ಲಿ ಮದ್ವೆ ಮಾಡಿ."

ಆ ಮೇಲಿನ ದಿನಗಳು ಕೃಷ್ಣಮೂರ್ತಿಗೆ ನರಕ. ಮಗಳು ಬೆಳಿಗ್ಗೆ ಬಾಗಿಲು ಸಾರಿಸುತ್ತಿದ್ದಳು, ಅಕ್ಕಿ ಆರಿಸುತ್ತಿದ್ದಳು, ಕರೆದರೆ ಬಂದು ನಿಲ್ಲುತ್ತಿದ್ದಳು. ಮಾಳಿಗೆಗೆ ಹೋಗುತ್ತಿರಲಿಲ್ಲ. ಟಿವಿ ನಡುಮನೆಗೆ ಬಂದಿತ್ತು, ಗೆರೆಗಳಿಲ್ಲದೆ ಧಾರಾವಾಹಿ ಓಡುತ್ತಿತ್ತು, ಸುಬ್ಬಮ್ಮನಿಗೆ ಅದು ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದೆಲ್ಲ ಸಿಕ್ಕಿತ್ತು, ಬಾಯಿಗಿಟ್ಟ ತುತ್ತು ಮಾತ್ರ ಇಳಿಯುತ್ತಿರಲಿಲ್ಲ. ಪಣ ಗೆದ್ದದ್ದು ತಾನಲ್ಲ, ಪಣ ಕೆಡಿಸಿದ್ದು ತನ್ನ ಕೈ ಎಂದು ಅಗ್ಗಿಷ್ಟಿಕೆಯ ಮುಂದೆ ಕೂತಾಗಲೆಲ್ಲ ಅನ್ನಿಸುತ್ತಿತ್ತು.

ಕೊನೆಗೆ ಒಂದು ಬೆಳಿಗ್ಗೆ ಅವನು ಯಾರಿಗೂ ಹೇಳದೆ ಕೆ.ಆರ್. ಪೇಟೆಯ ಬಸ್ಸು ಹತ್ತಿದ. ಹೊನ್ನಪ್ಪನ ಅಂಗಡಿಯಲ್ಲಿ, ಗಿರಾಕಿಗಳೆದುರಿಗೇ ಕೈ ಮುಗಿದು, ಮದುವೆ ಬೇಡ, ತಪ್ಪು ನನ್ನದು ಎಂದ. ಹೊನ್ನಪ್ಪ ಕೂಗಾಡಲಿಲ್ಲ, ಅದೇ ಹೆಚ್ಚು ಉರಿಯಿತು. "ವೀಳ್ಯ ಬದಲಾಯಿಸಿದ ಮ್ಯಾಲೆ ಇಂಗೆ ಮಾಡೋದು ನಮ್ಮ ಪೈಕಿನಲ್ಲಿ ಇಲ್ಲ, ಕೃಷ್ಣಮೂರ್ತಿ. ಇನ್ನು ನಮ್ಮ ಬಾಗ್ಲು ತುಳೀಬ್ಯಾಡ," ಎಂದ. ಅರುಣ ತಕ್ಕಡಿಯ ಹಿಂದೆ ನಿಂತಿದ್ದ, ಏನೋ ಕೇಳುವವನಂತೆ ಮುಂದೆ ಬಂದ, ಅಪ್ಪನ ಮುಖ ನೋಡಿ ನಿಂತ.

ಮರ್ಯಾದೆ ಹೋಯಿತು, ಆದರೆ ಎದೆಯ ಭಾರ ಇಳಿದಿತ್ತು. ಕೃಷ್ಣಮೂರ್ತಿ ದಾರಿಯುದ್ದಕ್ಕೂ ಮಗಳ ಮುಖ ಅರಳುವುದನ್ನೇ ನೆನೆಯುತ್ತ ಬಂದ. ಊಟಕ್ಕೆ ಎಲ್ಲರೂ ಕೂತಾಗ ವಿಷಯ ಹೇಳಿದ. ಮಾತು ಮುರಿದವನೆಂಬ ಹೆಸರು ನನಗೇ ಇರಲಿ, ನೀನು ನಿನ್ನ ದಾರಿ ನೋಡಿಕೋ ಎಂದ.

ಪ್ರಭಾಮಣಿಯ ಮುಖ ಅರಳಲಿಲ್ಲ. ಬಿಳಿಚಿಕೊಂಡಿತು.

"ಇದ್ನೂ ನೀನೇ ಮಾಡ್ಬುಟ್ಟಾ?"

"ನಿನಗೋಸ್ಕರ ಕಣವ್ವ."

"ಒಪ್ಕೊಂಡಾಗ್ಲೂ ನನ್ನ ಕೇಳ್ಲಿಲ್ಲ, ಬ್ಯಾಡ ಅಂದಾಗ್ಲೂ ಕೇಳ್ಲಿಲ್ಲ." ಅವಳು ತಟ್ಟೆ ಸರಿಸಿದಳು. "ಆ ಹುಡುಗುನ್ನ ನಾನೇ ಒಂದ್ಮಾತು ಕೇಳ್ಬೇಕು ಅಂತಿದ್ದೆ. ಮದ್ವೆ ಆದ್ಮೇಲೆ ರೇಡಿಯೋ ಕಟ್ಕೊಳ್ಳಕ್ಕೆ, ಇದ್ನ ಕಲ್ಸಕ್ಕೆ ಬುಡ್ತೀರಾ ಅಂತ. ಆ ದಿನ ಅವ್ರು ಮಾಳಿಗೆಲಿ ಕೂತು ನೋಡಿದ್ರಲ್ಲ, ಇಲ್ಲ ಅನ್ನಲ್ಲ ಅನ್ಸಿತ್ತು. ಅಂದಿದ್ರೆ ನಾನೇ ಬ್ಯಾಡ ಅಂತಿದ್ದೆ. ಏನೇ ಆಗ್ಲಿ, ನಾನು ಕೇಳ್ಬೇಕಾಗಿತ್ತು."

ಸುಬ್ಬಮ್ಮ ಸೌಟು ಹಿಡಿದವಳು ಹಾಗೇ ನಿಂತಳು. ಒಳ್ಳೆಯದೆಂದು ತಾನು ಮುಟ್ಟಿದ್ದೆಲ್ಲ ಹೀಗೆ ಒಳಗಿನಿಂದ ಹಾಳಾಗುತ್ತದೆಯೇ ಎಂದು ಕೃಷ್ಣಮೂರ್ತಿಯ ಕಣ್ಣು ತುಂಬಿತು. ಮಗಳ ಮುಂದೆ ಅವನು ಎಂದೂ ಅತ್ತವನಲ್ಲ. ಈಗ ಒರೆಸಿಕೊಳ್ಳಲೂ ಇಲ್ಲ.

"ನಾಳೆ ನಾನು ಕೆ.ಆರ್. ಪ್ಯಾಟೆಗೆ ಹೋಗ್ತೀನಿ," ಎಂದಳು ಪ್ರಭಾಮಣಿ. "ಅವ್ರ ಕೇಳ್ತೀನಿ. ಅಲ್ಲಿಂದ ಶ್ರೀರಂಗಪಟ್ಣಕ್ಕೆ ಹೋಗಿ ಬೋರಯ್ಯನೋರ್ನೂ ನೋಡ್ತೀನಿ. ಎಲ್ಡರಲ್ಲಿ ಏನಾಯ್ತದೋ ಗೊತ್ತಿಲ್ಲ."

ಹೆಣ್ಣುಮಗಳು ಒಬ್ಬಳೇ ಗಂಡಿನ ಮನೆಗೆ ಹೋಗುವುದೇ, ಹೊನ್ನಪ್ಪ ಬಾಗಿಲಲ್ಲೇ ಏನಂದಾನು, ನಂಜುಂಡನನ್ನು ಜೊತೆಗೆ ಕಳಿಸಲೇ, ತಾನೇ ಅವಳ ಹಿಂದೆಯೇ ಇನ್ನೊಂದು ಬಸ್ಸಿನಲ್ಲಿ ಹೋಗಿ ದೂರದಲ್ಲಿ ನಿಂತಿರಲೇ ಎಂದು ಕೃಷ್ಣಮೂರ್ತಿಯ ತಲೆ ಒಂದೇ ಉಸಿರಿಗೆ ಓಡಿತು. ಅದನ್ನೆಲ್ಲ ನುಂಗಿಕೊಂಡ. ಜೀವಮಾನದಲ್ಲಿ ಯಾರನ್ನೂ ಕೇಳದಿದ್ದದ್ದನ್ನು ಮಗಳನ್ನು ಕೇಳಿದ.

"ನಾನೇನು ಮಾಡ್ಲಿ, ಹೇಳವ್ವ."

"ಏನೂ ಮಾಡ್ಬ್ಯಾಡ, ಅಪ್ಪ. ಸುಮ್ನೆ ಮನೇಲಿರು."

ಅವನು ತಲೆಯಾಡಿಸಿದ. ಅಷ್ಟು ಕಷ್ಟದ ಕೆಲಸವನ್ನು ಅದುವರೆಗೆ ಯಾರೂ ಅವನಿಗೆ ಒಪ್ಪಿಸಿರಲಿಲ್ಲ.